ಕ್ಯಾಲಿಫೋರ್ನಿಯಾದಲ್ಲಿರುವ ಸದಸ್ಯರಿಗೆ: ಪ್ರೆಪ್ ಮಾತ್ರೆ ಫಾರ್ಮಸಿಯಲ್ಲೇ ಸಿಗುತ್ತದೆ

ಎಲ್ಲರಿಗೂ ನಮಸ್ಕಾರ. ಎಚ್‌ಐವಿ ಬಾರದಂತೆ ತಡೆಯುವ ಪ್ರೆಪ್ ಮಾತ್ರೆಗೆ ಇಲ್ಲಿ ಡಾಕ್ಟರ ಚೀಟಿಯೇ ಬೇಕೆಂದಿಲ್ಲ. 2024ರ ಎಸ್‌ಬಿ 339 (ಸೆನೆಟ್ ಬಿಲ್) ಎಂಬ ರಾಜ್ಯದ ಕಾನೂನಿನಂತೆ ತರಬೇತಿ ಪಡೆದ ಫಾರ್ಮಸಿಸ್ಟ್ 90 ದಿನಗಳ ಮಾತ್ರೆ ತಾವೇ ಕೊಡಬಹುದು. ಎಲ್ಲ ಕಡೆ ಕೊಡುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೋಗಿ.

7 ದಿನದೊಳಗಿನ ಎಚ್‌ಐವಿ ನೆಗೆಟಿವ್ ವರದಿ ಕೈಲಿರಲಿ. ಬೆರಳು ಚುಚ್ಚಿ ಮಾಡುವ ರಕ್ತಪರೀಕ್ಷೆ ಆದೀತು. ವಸಡು ಒರೆಸಿ ಮನೆಯಲ್ಲೇ ಮಾಡಿಕೊಳ್ಳುವ ಕಿಟ್ ನಡೆಯದು. ವರದಿ ಇಲ್ಲದಿದ್ದರೆ ಫಾರ್ಮಸಿಸ್ಟೇ ಪರೀಕ್ಷೆಗೆ ಬರೆಯುತ್ತಾರೆ. ಜ್ವರ, ಗಂಟಲುನೋವು, ಮೈಮೇಲೆ ದದ್ದು ಇದ್ದರೆ ಮುಚ್ಚಿಡಬೇಡಿ, ಅವು ಎಚ್‌ಐವಿಯ ಮೊದಲ ಲಕ್ಷಣಗಳಿರಬಹುದು. ಸೋಂಕು ಆಗಲೇ ತಗುಲಿದ್ದರೆ ಮಾತ್ರೆಯಲ್ಲಿರುವ ಎರಡೇ ಔಷಧ ಸಾಲದು, ವೈರಸ್ ಅವಕ್ಕೆ ಬಗ್ಗದಂತಾಗಬಹುದು. ಹೆಪಟೈಟಿಸ್ ಬಿ, ಕಿಡ್ನಿ ತೊಂದರೆಯನ್ನೂ ಹೇಳಿ. ಅಪಾಯದ ಸಂಪರ್ಕವಾಗಿ 72 ಗಂಟೆ ಕಳೆದಿಲ್ಲವೆಂದರೆ ಕೇಳಬೇಕಾದ್ದು ಪ್ರೆಪ್ ಅಲ್ಲ, ಪೆಪ್ (ಸಂಪರ್ಕವಾದ ಮೇಲೆ ಸೋಂಕು ತಡೆಯಲು ತೆಗೆದುಕೊಳ್ಳುವ ಮಾತ್ರೆ), 28 ದಿನದ್ದು. ಅವತ್ತೇ ಹೋಗಿ.

ಇನ್ಶೂರೆನ್ಸ್‌ನದೇ ದೊಡ್ಡ ತಲೆನೋವು. ಮಾತ್ರೆಗೆ ಕೋ-ಪೇ (ನಾವು ಕೈಯಿಂದ ಕಟ್ಟುವ ಪಾಲು) ಇಲ್ಲವೆಂದು ನಿರಾಳವಾಗಿದ್ದಾಗ ಲ್ಯಾಬ್ ಬಿಲ್ ಬಂದು ಕೂರುತ್ತದೆ. ಪರೀಕ್ಷೆಯನ್ನು ಮುಂಜಾಗ್ರತೆ ಎನ್ನದೆ ಕಾಯಿಲೆಯ ತಪಾಸಣೆ ಎಂದು ನಮೂದಿಸಿದರೆ ಹೀಗಾಗುತ್ತದೆ. ಹಣ ಕಟ್ಟುವ ಮೊದಲು, ಪ್ರೆಪ್‌ಗಾಗಿ ಮಾಡಿದ್ದು ಎಂದು ಸೂಚಿಸುವ ಝಡ್29.81 (Z29.81) ಕೋಡ್ ಹಾಕಿ ಇನ್ಶೂರೆನ್ಸ್‌ಗೆ ಕ್ಲೇಮ್ ಮತ್ತೆ ಕಳಿಸಿ ಎಂದು ಬಿಲ್ ಕಳಿಸಿದವರಿಗೆ ಹೇಳಿ. ಕಂಪನಿಯೇ ಹಣ ಭರಿಸುವ ಸೆಲ್ಫ್ ಫಂಡೆಡ್ ಪ್ಲಾನ್‌ಗೆ ರಾಜ್ಯದ ಕಾನೂನು ತಾಗದು (ನಮ್ಮಲ್ಲಿ ಟೆಕ್ ಕೆಲಸದವರಲ್ಲಿ ಅನೇಕರದ್ದು ಇದೇ). ಆದರೂ ಹಳೆಯ ಗ್ರ್ಯಾಂಡ್‌ಫಾದರ್ಡ್ ಪ್ಲಾನ್ (2010ರ ಫೆಡರಲ್ ಆರೋಗ್ಯ ಕಾನೂನಿಗೂ ಮುಂಚಿನದು) ಬಿಟ್ಟರೆ ಫೆಡರಲ್ ನಿಯಮದಂತೆ ಮಾತ್ರೆ, ಪರೀಕ್ಷೆ ಎರಡೂ ಉಚಿತ.

ಅಪ್ಪ ಅಮ್ಮನ ಪ್ಲಾನ್‌ನಲ್ಲಿರುವ ಹುಡುಗ ಹುಡುಗಿಯರು ಕಾನ್ಫಿಡೆನ್ಶಿಯಲ್ ಕಮ್ಯುನಿಕೇಶನ್ ಅರ್ಜಿಯನ್ನು ಇನ್ಶೂರೆನ್ಸ್‌ಗೆ ಮೊದಲೇ ಕಳಿಸಿ, ಕಾಗದಪತ್ರ ನಿಮ್ಮ ವಿಳಾಸಕ್ಕೇ ಬರುತ್ತದೆ.