ತಮ್ಮನನ್ನ ಕಳಿಸು, ಆದ್ರೆ ಈ ಕಾಗದ ಓದಿಸಿ ಕಳಿಸು

ಗೆಳೆಯಾ,

ನಿನ್ನ ತಮ್ಮನ ಐಟಿಐ ಮುಗೀತು, ಪೀಣ್ಯದಲ್ಲಿ ನಿಮ್ಮ ಫ್ಯಾಬ್ರಿಕೇಶನ್ ಶಾಪಲ್ಲಿ ವೆಲ್ಡಿಂಗ್ ಕೆಲಸ ಇದೆಯಾ ಅಂತ ಕೇಳಿದ್ದೆ. ಓನರ್ ಹತ್ರ ಮಾತಾಡಿದೀನಿ. ಸೋಮವಾರ ಕಳಿಸು.

ಬಂದ ತಕ್ಷಣ ಅವನ ಕೈಗೆ ವೆಲ್ಡಿಂಗ್ ರಾಡ್ ಹಿಡಿಯೋ ಹೋಲ್ಡರ್ ಸಿಗಲ್ಲ. ಹೆಲ್ಪರ್ ಕೆಲಸ: ಪೈಪ್ ಹಿಡಿಯೋದು, ಗುಣಿಯಾ (ಮೂಲೆಮಟ್ಟ) ಇಟ್ಟು ಮೂಲೆ ನೋಡೋದು, ಗ್ರೈಂಡಿಂಗ್. ಕಣ್ಣು ಹಾಳಾಗೋದು ಆಗಲೇ ಕಣೋ. ಟ್ಯಾಕ್ ಹಾಕುವಾಗ, ಅಂದ್ರೆ ಪೈಪ್ ಅಲುಗದಂಗೆ ಚುಕ್ಕೆ ಚುಕ್ಕೆ ವೆಲ್ಡ್ ಇಡುವಾಗ, ಮುಖ ಆ ಕಡೆ ತಿರುಗಿಸಿದ್ರೆ ಸಾಕು ಅಂದ್ಕೊಂಡು ನಾನೂ ಪೈಪ್ ಹಿಡಿದು ನಿಂತಿದ್ದೆ. ಹಗಲು ಏನೂ ಆಗಲಿಲ್ಲ. ರಾತ್ರಿ ಹನ್ನೆರಡಕ್ಕೆ ಎಚ್ಚರ ಆಯ್ತು, ರೆಪ್ಪೆ ಒಳಗೆ ಮರಳು ಸುರಿದಂಗೆ. ನೀರು ನಿಲ್ತಾ ಇಲ್ಲ, ಲೈಟ್ ನೋಡೋಕಾಗ್ತಿಲ್ಲ. ಜೊತೆಗಿದ್ದವನು ಆಲೂಗಡ್ಡೆ ಹೆಚ್ಚಿ ಕಣ್ಣ ಮೇಲಿಟ್ಟು ಬೆಳಗಿನವರೆಗೂ ಪಕ್ಕದಲ್ಲೇ ಕೂತಿದ್ದ. ವೆಲ್ಡಿಂಗ್ ರಾಡ್ ತುದಿಯಲ್ಲಿ ಉರಿಯೋ ಆರ್ಕ್‌ನ ಅಲ್ಟ್ರಾವೈಲೆಟ್ ಕಿರಣ ಕಣ್ಣಿನ ಮುಂದಿನ ಪದರ ಕಾರ್ನಿಯಾನ ಸುಡುತ್ತೆ, ನೋವು ಮಾತ್ರ ಎಷ್ಟೋ ಗಂಟೆ ಬಿಟ್ಟು ಶುರುವಾಗುತ್ತೆ, ಗೋಡೆಗೆ ಬಡಿದು ವಾಪಸ್ ಬಂದ ಬೆಳಕೂ ಸಾಕು ಅಂತ ಡಾಕ್ಟರು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಕೆಲಸಕ್ಕೆ ಸೇರಿದ ದಿನ ಯಾರೂ ಒಂದು ಮಾತು ಹೇಳಿರಲಿಲ್ಲ. ನಿನ್ನ ತಮ್ಮನಿಗೆ ಅಂತ 11 ನಂಬರ್ ಕಪ್ಪು ಗ್ಲಾಸ್ ಹಾಕಿದ, ಮುಖ ಮುಚ್ಚೋ ಶೀಲ್ಡ್ ತೆಗೆದಿಟ್ಟಿದೀನಿ.

ಸತುವಿನ ಲೇಪನ ಇರೋ ಜಿಐ ಪೈಪ್ ಸುಟ್ಟಾಗ ಬರೋ ಬಿಳಿ ಹೊಗೆ ಸತುವಿನದು. ಅದನ್ನ ಕುಡಿದ್ರೆ ರಾತ್ರಿಗೆ ಚಳಿಜ್ವರ. ಬೆಲ್ಲ ತಿಂದ್ರೆ ಹೋಗುತ್ತೆ ಅಂತಾರೆ, ನಂಬೋದು ಬೇಡ. ಜಾಯಿಂಟ್ ಹತ್ರ ಲೇಪನ ಗ್ರೈಂಡ್ ಮಾಡಿ ತೆಗೆದು, ಬಾಗಿಲು ತೆರೆದು, ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು ವೆಲ್ಡ್ ಮಾಡಲಿ.

ಇಷ್ಟೆಲ್ಲ ಇದ್ರೂ ಯಾಕೆ ಕಳಿಸು ಅಂತಿದೀನಿ ಗೊತ್ತಾ? 6013 ನಂಬರಿನ ವೆಲ್ಡಿಂಗ್ ರಾಡ್ ಕಬ್ಬಿಣದಿಂದ ಸರಿಯಾದ ಅಂತರದಲ್ಲಿ ಓಡ್ತಿದ್ರೆ ಒಗ್ಗರಣೆಗೆ ಸಾಸಿವೆ ಸಿಡಿದಂಗೆ ಒಂದೇ ಸಮ ಚಟಪಟ ಅನ್ನುತ್ತೆ. ದೂರ ಹೋದ್ರೆ ಬುಸುಗುಟ್ಟುತ್ತೆ, ಹತ್ರ ಬಂದ್ರೆ ಅಂಟಿಕೊಳ್ಳುತ್ತೆ. ನಾನೀಗ ಕಿವಿಯಲ್ಲೇ ವೆಲ್ಡಿಂಗ್ ಮಾಡ್ತೀನಿ. ಸರಿಯಾಗಿ ಬಿದ್ದ ಬೀಡ್ (ವೆಲ್ಡಿಂಗ್ ಗೆರೆ) ಮೇಲೆ ಸುತ್ತಿಗೆಯಲ್ಲಿ ಒಂದೇಟು ಕೊಟ್ರೆ ಮೇಲಿನ ಸಿಪ್ಪೆ, ಸ್ಲ್ಯಾಗ್, ಪಟ್ಟಿಪಟ್ಟಿಯಾಗಿ ಎದ್ದು ಬರುತ್ತೆ. ಕೆಳಗೆ ಮೀನಿನ ಹುರುಪೆ ಥರ ಸಾಲು ಸಾಲು. ಹನ್ನೊಂದು ವರ್ಷ ಆಯ್ತು, ಈಗಲೂ ಒಂದು ನಿಮಿಷ ನಿಂತು ನೋಡ್ತೀನಿ. ಅದನ್ನ ಅವನೂ ನೋಡ್ಬೇಕು.

ಹತ್ತಿ ಬಟ್ಟೆ ಅಂಗಿ ಕಳಿಸು, ನೈಲಾನ್ ಬೇಡ, ಕಿಡಿ ಬಿದ್ರೆ ಕರಗಿ ಮೈಗೆ ಅಂಟುತ್ತೆ. ರೂಮಲ್ಲಿ ಜಾಗ ಇದೆ. ಬಸ್ ಹತ್ತಿದ ಮೇಲೆ ಒಂದು ಫೋನ್ ಮಾಡಕ್ಕೆ ಹೇಳು, ಜಾಲಹಳ್ಳಿ ಕ್ರಾಸಿಗೆ ನಾನೇ ಬರ್ತೀನಿ.

ನಿನ್ನ ಗೆಳೆಯ