ಲಕ್ಕೋಟೆ ಗಿಡ ಬೇಕಾದವರು ಓದಿ

ಎಲ್ಲರಿಗೂ ನಮಸ್ಕಾರ. ಪುಣೆಯ ಕೋಥ್ರೂಡ್‌ನ ನಮ್ಮ ಮನೆಯ ಲಕ್ಕೋಟೆ ಹಣ್ಣಿನ ರುಚಿ ನೋಡಿದವರೆಲ್ಲ ಈಗ ಬೀಜ ಕೇಳುತ್ತಿದ್ದೀರಿ. ಬೀಜ ಕೊಡುತ್ತೇನೆ, ಆದರೆ ಒಣಗುವ ಮೊದಲೇ ಮಣ್ಣಿಗೆ ಹಾಕಿ. ಬೀಜದ ಗಿಡ ಹಣ್ಣು ಬಿಡಲು 6ರಿಂದ 8 ವರ್ಷ ಬೇಕು, ಹಣ್ಣು ಇದೇ ರುಚಿ ಇರುತ್ತದೆ ಅಂತಲೂ ಇಲ್ಲ. ಅವಸರ ಇದ್ದವರು ಕಸಿ ಗಿಡ ತನ್ನಿ. ನರ್ಸರಿಯಲ್ಲಿ ಲೋಕಾಟ್ ಅಂತ ಕೇಳಿ.

ಇದು ಸೇಬು, ಪೇರ್ ಹಣ್ಣಿನ ಬಳಗದ ಮರ, ಮೂಲ ಚೀನಾ. ಬಿಸಿಲು ಬೇಕು, ಆದರೆ ಬೇರಿನಲ್ಲಿ ನೀರು ನಿಂತರೆ ಕೆಲಸ ಕೆಟ್ಟಿತು. ನಮ್ಮ ಪುಣೆಯ ಕಪ್ಪು ಮಣ್ಣಿಗೆ ಮರಳು, ಗೊಬ್ಬರ ಧಾರಾಳವಾಗಿ ಸೇರಿಸಿ. ಟೆರೇಸಿನವರು ದೊಡ್ಡ ಕುಂಡ ಇಡಿ.

ಮಳೆಗಾಲ ಮುಗಿದ ಮೇಲೆ ಹೂವು. ಘಮ ಅಂದರೆ ಘಮ, ಜೇನುಹುಳುಗಳಿಗೆ ಹಬ್ಬ! ಹಣ್ಣು ಮಾರ್ಚ್-ಏಪ್ರಿಲ್ ಹೊತ್ತಿಗೆ. ಗೊಂಚಲಿನಲ್ಲಿ ಕಾಯಿ ಜಾಸ್ತಿ ಇದ್ದರೆ ಕೆಲವನ್ನು ಕಿತ್ತುಬಿಡಿ, ಉಳಿದವು ದಪ್ಪ ಆಗುತ್ತವೆ. ಕಿತ್ತ ಮೇಲೆ ಇದು ಸಿಹಿಯಾಗುವುದಿಲ್ಲ, ಮಾವಿನಂತೆ ಹುಲ್ಲಿನಲ್ಲಿಟ್ಟು ಪ್ರಯೋಜನವಿಲ್ಲ. ಮರದಲ್ಲೇ ಪೂರ್ತಿ ಹಳದಿ ಆಗಲಿ. ಅಷ್ಟರಲ್ಲಿ ಗಿಳಿಗಳು ಬರುತ್ತವೆ, ಗೊಂಚಲಿಗೆ ಬಟ್ಟೆ ಚೀಲ ಕಟ್ಟಿ.

ತಿನ್ನುವಾಗ ಬೀಜ ಉಗುಳಿ. ಅದನ್ನು ಜಜ್ಜಿ ತಿನ್ನಬಾರದು, ಮಿಕ್ಸಿಗೂ ಹಾಕಬಾರದು. ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇದೆ. ಮಕ್ಕಳಿಗೆ ಬೀಜ ತೆಗೆದೇ ಕೊಡಿ. ಹುಳಿ ಹಣ್ಣು ಉಳಿದರೆ ಸುಮ್ನೆ ಬಿಸಾಡಬೇಡಿ, ಬೆಲ್ಲ, ಖಾರ ಹಾಕಿ ಗೊಜ್ಜು ಮಾಡಿ.

ಬೀಜ ಬೇಕಾದವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಭಾನುವಾರ ಬೆಳಿಗ್ಗೆ ಬರುವಾಗ ಡಬ್ಬಿ ನೀವೇ ತನ್ನಿ.