ನಿಮ್ಮಪ್ಪನ ಜಪಸರ ನನ್ನ ಹತ್ತಿರ ಇದೆ

ಮೈಸೂರು

ಪ್ರೀತಿಯ ಪುಟ್ಟಿ,

ನಿಮ್ಮಪ್ಪನ ನೆನಪಿನ ಕಾರ್ಡಿಗೆ ನೀನು ಬರೆದ ಸಾಲನ್ನು ವಾಟ್ಸಾಪ್‌ನಲ್ಲಿ ನೋಡಿದೆ. ‘ನಿಷ್ಠಾವಂತ ಪತಿ, ವಾತ್ಸಲ್ಯದ ತಂದೆ, ಅಪಾರ ದೈವಭಕ್ತ.’ ಚೆನ್ನಾಗಿದೆ, ಅಚ್ಚು ಹಾಕಿಸು. ಚರ್ಚಿನಲ್ಲಿ ವರ್ಷದ ಪೂಜೆಗೆ ಬಂದವರ ಕೈಗೆ ಕೊಡುವುದಕ್ಕೆ ಅಷ್ಟು ಸಾಕು. ನಿನಗೆ ಅಷ್ಟು ಸಾಲದು ಅನ್ನಿಸಿ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ನೀನು ಅಳುತ್ತೀಯ, ನಾನು ಸಾರಿಗೆ ಏನು ತರಕಾರಿ ಅಂತ ಮಾತು ಬದಲಾಯಿಸಿಬಿಡುತ್ತೇನೆ.

ಮೊದಲು ನಾನು ಮಾಡಿದ ಒಂದು ಕಳ್ಳತನ ಹೇಳಿಬಿಡುತ್ತೇನೆ. ನಿಮ್ಮಪ್ಪನ ಜಪಸರ ಶವಪೆಟ್ಟಿಗೆಯೊಳಗೆ ಅವರ ಜೊತೆಗೇ ಹೋಯಿತು ಅಂತ ತಿಳಿದಿದ್ದೀಯ ಅಲ್ವಾ? ಹೋಗಿಲ್ಲ. ಅವತ್ತು ಪೆಟ್ಟಿಗೆ ಮುಚ್ಚುವ ಮೊದಲು ಅವರ ಕೈಗೆ ಸುತ್ತಿದ್ದು ನನ್ನ ಜಪಸರ. ಮದುವೆಯಲ್ಲಿ ನಮ್ಮ ತವರಿನವರು ಕೊಟ್ಟ ಬಿಳಿ ಮಣಿಯದ್ದು. ಅವರದ್ದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ತಂದೆ. ಯಾರೂ ನೋಡಲಿಲ್ಲ. ನೋಡಿದ್ದರೆ ಅವರೇ ನೋಡಿರಬೇಕು.

ಆ ಸರವನ್ನು ನೀನು ಸರಿಯಾಗಿ ಗಮನಿಸಿದ್ದೀಯೋ ಇಲ್ಲವೋ. ಎಲ್ಲ ಕಪ್ಪು ಮರದ ಮಣಿಗಳು, ಹತ್ತು ಹತ್ತರ ಐದು ಗುಂಪು. ಮೂರನೇ ಹತ್ತರಲ್ಲಿ ಏಳನೆಯದು ಮಾತ್ರ ಹಿತ್ತಾಳೆ. ನಿನಗೆ ಮೂರು ವರ್ಷ ಇದ್ದಾಗ ಸರ ಹಿಡಿದು ಎಳೆದೆ. ಮಣಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಮಂಚ ಸರಿಸಿ, ಒರಳುಕಲ್ಲಿನ ಸಂದಿಗೆ ಕೈ ಹಾಕಿ ಹುಡುಕಿದೆವು. ಒಂದು ಸಿಗಲಿಲ್ಲ. ನೀನೇ ನುಂಗಿದ್ದೀಯ ಅಂತ ನಾನು ಎರಡು ದಿನ ಪರೀಕ್ಷೆ ಮಾಡಿದೆ. ಹೇಗೆ ಅಂತ ಕೇಳಬೇಡ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರಿಗೂ ನಿಮ್ಮಪ್ಪ ಹರಕೆ ಹೊತ್ತರು. ಇವತ್ತಿನವರೆಗೂ ಸಿಕ್ಕಿಲ್ಲ.

ಅವರು ರೈಲ್ವೆ ವರ್ಕ್‌ಶಾಪ್‌ನಲ್ಲಿ ಟರ್ನರ್ ಆಗಿದ್ದದ್ದು ಒಳ್ಳೆಯದಾಯಿತು. ಲೇತಿನ ಕೆಳಗೆ ಬಿದ್ದಿದ್ದ ಹಿತ್ತಾಳೆ ಚೂರು ತೆಗೆದುಕೊಂಡು, ಊಟದ ಬಿಡುವಿನಲ್ಲಿ ಕಡೆದು, ತೂತು ಕೊರೆದು ತಂದರು. ಕಡಲೆಕಾಳಿಗಿಂತ ಚಿಕ್ಕದು. ಬೇರೆ ಮಣಿಗಳಿಗಿಂತ ಕೂದಲೆಳೆಯಷ್ಟು ದಪ್ಪ ಆಯಿತು ಅನ್ನೋದು ಅವರಿಗೊಂದು ಕೊರಗು. ಇನ್ನೊಂದು ಕೊರಗು, ಅದು ರೈಲ್ವೆ ಹಿತ್ತಾಳೆ ಅನ್ನೋದು. ಗುಜರಿಗೆ ಹೋಗುವ ಚೂರು ರೀ ಅಂದರೂ ಕೇಳಲಿಲ್ಲ. ಶನಿವಾರ ಪಾಪನಿವೇದನೆಗೆ ಹೋಗಿ ಹೇಳಿಕೊಂಡರಂತೆ. ಚರ್ಚಿನ ಸ್ವಾಮಿಗಳಿಗೆ ನಗು ತಡೆಯಲಾಗಲಿಲ್ಲವಂತೆ. ‘ಪ್ರಾಯಶ್ಚಿತ್ತದ ಜಪವನ್ನು ಆ ಮಣಿಯಿಂದಲೇ ಶುರು ಮಾಡಪ್ಪ’ ಅಂದರಂತೆ.

ಸಂಜೆ ಏಳೂವರೆಗೆ ದೀಪ ಹಚ್ಚಿ ಮೂವರೂ ಚಾಪೆ ಮೇಲೆ ಕೂರುತ್ತಿದ್ದೆವಲ್ಲ, ನಿನಗೆ ನೆನಪಿದೆ. ಮಣಿಗೊಂದು ‘ನಮೋ ಮರಿಯಾ’ ಹೇಳುತ್ತಾ ಹೇಳುತ್ತಾ ಒಂದು ಕಡೆ ಅವರು ನಿಧಾನ ಮಾಡುತ್ತಿದ್ದರು. ‘ಅಪ್ಪ ತೂಕಡಿಸ್ತಿದ್ದಾರೆ’ ಅಂತ ನೀನು ನನ್ನ ತೊಡೆ ಚಿವುಟುತ್ತಿದ್ದೆ. ತೂಕಡಿಕೆ ಅಲ್ಲ ಅದು. ಬೆರಳು ಹಿತ್ತಾಳೆ ಮಣಿಗೆ ಬಂದಿರುತ್ತಿತ್ತು. ಆ ಒಂದು ಮಣಿ ನಿನ್ನ ಹೆಸರಿಗೆ. ಇದನ್ನು ಅವರು ನನಗೆ ಹೇಳಿದವರಲ್ಲ. ನೀನು ಪಿಯುಸಿ ಪರೀಕ್ಷೆ ಬರೆಯುತ್ತಿದ್ದ ತಿಂಗಳು ಅಲ್ಲಿ ತುಂಬಾ ಹೊತ್ತು ನಿಲ್ಲುತ್ತಿದ್ದರು, ಆಗ ನಾನೇ ಲೆಕ್ಕ ಹಾಕಿಕೊಂಡೆ. ಈಗ ಆ ಮಣಿ ನೋಡಬೇಕು ನೀನು. ಒಂದು ಕಡೆ ಸವೆದು ಚಪ್ಪಟೆಯಾಗಿದೆ, ಹೊಸ ಕೊಳಗದ ಹಾಗೆ ಹೊಳೆಯುತ್ತೆ.

‘ಅಪಾರ ದೈವಭಕ್ತ’ ಅಂದಿದ್ದೀಯ. ಪ್ರಸಂಗದ ಹೊತ್ತಿನಲ್ಲಿ ನಿದ್ದೆ ಹೊಡೆಯುತ್ತಿದ್ದರು ಅನ್ನೋದು ಮಾತ್ರ ಕಾರ್ಡಿನಲ್ಲಿ ಹಾಕಬೇಡ. ಸಂತ ಫಿಲೋಮಿನಾ ಚರ್ಚಿನಲ್ಲಿ ಹಿಂದಿನ ಸಾಲಿನ ಕಂಬದ ಪಕ್ಕ ಅವರ ಜಾಗ. ಆದರೆ ಪೂಜೆ ಮುಗಿದ ಮೇಲೆ ಯಾರಾದರೂ ಟೂರಿಸ್ಟು ಕತ್ತೆತ್ತಿ ಗೋಪುರ ನೋಡುತ್ತಾ ನಿಂತಿದ್ದರೆ ಸಾಕು, ನಿದ್ದೆ ಎಲ್ಲಿಗೆ ಹೋಗುತ್ತಿತ್ತೋ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ್ದು, ಎರಡು ಗೋಪುರವೂ 175 ಅಡಿ, ಜರ್ಮನಿಯ ಕೊಲೋನಿನ ಚರ್ಚಿನ ಮಾದರಿ, ಕೆಳಗೆ ನೆಲಮಾಳಿಗೆಯಲ್ಲಿ ಸಂತ ಫಿಲೋಮಿನಾ ಪ್ರತಿಮೆ ಇದೆ ಹೋಗಿ ನೋಡಿ ಅಂತ ಶುರು. ಒಬ್ಬರು ಕೈಗೆ ಇಪ್ಪತ್ತು ರೂಪಾಯಿ ಇಟ್ಟಿದ್ದರು. ಕಾಣಿಕೆ ಡಬ್ಬಿಗೆ ಹಾಕಿ ಬಂದರು. ಮನೆಗೆ ಹಾಲು ಇರಲಿಲ್ಲ ಅವತ್ತು.

ಅವರು ಚಿಕ್ಕ ಹುಡುಗನಾಗಿದ್ದಾಗ ಪೂಜೆ ಎಲ್ಲ ಲ್ಯಾಟಿನ್‌ನಲ್ಲಿ. ಪೀಠದ ಹತ್ತಿರ ಸೇವೆಗೆ ನಿಲ್ಲುತ್ತಿದ್ದ ಹುಡುಗರು ಅರ್ಥ ಗೊತ್ತಿಲ್ಲದೆ ಉರು ಹೊಡೆದು ಉತ್ತರ ಹೇಳುತ್ತಿದ್ದರಂತೆ. ಆಯಾ ಊರಿನ ಭಾಷೆಯಲ್ಲೂ ಪೂಜೆ ಮಾಡಬಹುದು ಅಂದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿಯಿತು. ಆ ಸುಮಾರಿಗೆ ಪೂಜೆ ಕನ್ನಡಕ್ಕೆ ಬಂತು. ಇವರಿಗೆ ಖುಷಿಯೇ, ಆದರೆ ಕಷ್ಟಪಟ್ಟು ಬಾಯಿಪಾಠ ಮಾಡಿದ್ದೆಲ್ಲ ದಂಡ ಆಯಿತಲ್ಲ ಅಂತ ಸಿಟ್ಟು. ಅದಕ್ಕೇ ಮನೆಯಲ್ಲಿ ಬಳಸುತ್ತಿದ್ದರು. ತಡವಾಗಿ ಬಂದ ದಿನ ಹೊಸ್ತಿಲಲ್ಲಿ ನಿಂತು, ಎರಡೂ ಕೈ ಚಾಚಿ, ಸ್ವಾಮಿಗಳ ಥರ ‘ದೋಮಿನುಸ್ ವೋಬಿಸ್ಕುಮ್’ ಅನ್ನುತ್ತಿದ್ದರು. ಪ್ರಭು ನಿಮ್ಮೊಡನೆ ಇರಲಿ ಅಂತ. ನಾನು ‘ಎತ್ ಕುಮ್ ಸ್ಪಿರಿತು ತುವೊ’ ಅನ್ನಬೇಕು. ಅಂದರೆ ಕೋಪ ಇಳಿದಿದೆ, ಊಟಕ್ಕೆ ಕೂರಬಹುದು. ಅನ್ನದಿದ್ದರೆ ಅವರೇ ತಟ್ಟೆ ತೆಗೆದುಕೊಂಡು ಬಡಿಸಿಕೊಳ್ಳಬೇಕು. ನಾನು ಶ್ರೀರಂಗಪಟ್ಟಣದ ಗಂಜಾಂನವಳು, ದೊಡ್ಡಸ್ವಾಮಿಯೋರು ಅಂತ ಜನ ಕರೆಯುತ್ತಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅವರು ಇದ್ದ ಊರು. ‘ಅಂಥ ಊರಿನವಳಿಗೆ ಲ್ಯಾಟಿನ್ ಬರಲ್ವಾ’ ಅಂತ ಮದುವೆಯಾದ ಹೊಸದರಲ್ಲಿ ರೇಗಿಸಿ ರೇಗಿಸಿ ಕಲಿಸಿದ್ದು. ತವರಿಗೆ ಹೋದಾಗ ಅಲ್ಲಿನ ಅಂಜೂರದ ಹಣ್ಣು ತರದಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು, ಅದೂ ಬರಿ.

ಒಂದೇ ಒಂದು ಸಲ ನಾಲ್ಕು ದಿನ ನಾನು ಉತ್ತರ ಕೊಟ್ಟಿರಲಿಲ್ಲ. ಇದು ನಿನಗೆ ಗೊತ್ತಿಲ್ಲ, ಚಿಕ್ಕವಳಿದ್ದೆ. ಡಿಸೆಂಬರ್ 24. ಬೆಳಿಗ್ಗೆಯೇ ಚರ್ಚಿನಲ್ಲಿ ಗೋದಲಿ, ಅಂದರೆ ಬಾಲಯೇಸು ಹುಟ್ಟಿದ ಕೊಟ್ಟಿಗೆ, ಕಟ್ಟಲು ಹೋದವರು ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಸಂಜೆ ನಿನಗೆ ಜ್ವರ ಏರಿ ಫಿಟ್ಸ್ ಬಂತು. ಕಣ್ಣು ಮೇಲೆ ಹೋಯಿತು. ಪಕ್ಕದ ಮನೆ ಖಾಲಾ ಬುರ್ಖಾ ಹಾಕಿಕೊಳ್ಳುವುದಕ್ಕೂ ನಿಲ್ಲದೆ ಆಟೋ ಕೂಗಿದರು. ಆಸ್ಪತ್ರೆಯಲ್ಲಿ ನಿನಗೆ ಮಂಪರು ಇಳಿಯುವ ಹೊತ್ತಿಗೆ ರಾತ್ರಿ ಒಂಬತ್ತು. ಆಗ ಓಡಿ ಬಂದರು ನಿಮ್ಮಪ್ಪ. ತಲೆಕೂದಲಲ್ಲಿ ಹುಲ್ಲು, ಅಂಗೈ ತುಂಬ ಗೋಂದು. ‘ಆ ಮಗುವಿಗೆ ಹಾಸಿಗೆ ಮಾಡಿ ಮುಗೀತಾ?’ ಅಂದೆ. ಕೆಟ್ಟ ಮಾತು. ಅವರು ಗೋಡೆ ಹಿಡಿದು ಕೂತುಬಿಟ್ಟರು. ಅವತ್ತು ರಾತ್ರಿ ಪೂಜೆಗೆ ಹೋಗಲಿಲ್ಲ. ಅವರು ಕ್ರಿಸ್ಮಸ್ ಪೂಜೆ ತಪ್ಪಿಸಿದ್ದು ಅದೊಂದೇ ಸಲ. ಆಸ್ಪತ್ರೆ ಬೆಂಚಿನ ಮೇಲೆ ನಿನ್ನ ಕಾಲು ಹಿಡಿದುಕೊಂಡು ಕೂತಿದ್ದರು.

ಮುಂದಿನ ವರ್ಷದಿಂದ ನೋಡು, ಗೋದಲಿ ಕೆಲಸ 20ನೇ ತಾರೀಖಿಗೇ ಮುಗಿಯುತ್ತಿತ್ತು. 24ಕ್ಕೆ ಇಡೀ ದಿನ ಮನೆಯಲ್ಲಿ. ನಾನು ಕಜ್ಜಾಯ ತಟ್ಟುವುದು, ಅವರು ಬಾಣಲೆ ಮುಂದೆ. ಕರ್ಜಿಕಾಯಿ ಅಂಚನ್ನು ಅವರಷ್ಟು ಸಣ್ಣಗೆ ಮಡಿಚುವವರನ್ನು ನಾನು ಕಂಡಿಲ್ಲ, ಟರ್ನರ್ ಕೈ ಅಲ್ವಾ. ಚರ್ಚಿನವರು ಬಂದು ಕರೆದರೂ ‘ಮನೆಯಲ್ಲಿ ಕೆಲಸ ಇದೆ’ ಅಂತಿದ್ದರು. ಅಪ್ಪನಿಗೆ ತಿಂಡಿ ಮಾಡೋದು ಎಷ್ಟು ಇಷ್ಟ ಅಂತ ನೀನು ನಿನ್ನ ಗೆಳತಿಯರ ಹತ್ತಿರ ಹೇಳುತ್ತಿದ್ದೆ. ನಾನು ಸುಮ್ನೆ ಇರುತ್ತಿದ್ದೆ.

ಮೊನ್ನೆ ಜೂನ್ 13ಕ್ಕೆ ದೋರನಹಳ್ಳಿಯ ಸಂತ ಅಂತೋಣಿಯವರ ಜಾತ್ರೆಗೆ ಹೋಗಿ ಬಂದೆ. ನಿಮ್ಮಪ್ಪ ಇಲ್ಲದೆ ಮೊದಲನೇ ಸಲ. 2019ರಲ್ಲಿ ಅಲ್ಲಿನ ಚರ್ಚಿಗೆ ಪೋಪ್ ಕೊಡುವ ಬಸಿಲಿಕಾ ಅನ್ನೋ ಗೌರವ ಸಿಕ್ಕಾಗ ಅವರು ತಮ್ಮದೇ ಮನೆ ಗೃಹಪ್ರವೇಶದ ಹಾಗೆ ಓಡಾಡಿದ್ದರಲ್ಲ. ರೈತನೊಬ್ಬನಿಗೆ ಹೊಲ ಉಳುವಾಗ ಮರದ ಮೂರ್ತಿ ಸಿಕ್ಕಿದ್ದು, ಬೊಂಬೆ ಅಂತ ಮಕ್ಕಳಿಗೆ ಆಡಲು ಕೊಟ್ಟಿದ್ದು, ಆ ಕಥೆಯನ್ನು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದರು. ಈ ಸಲ ಪಕ್ಕದಲ್ಲಿ ಕೂತಿದ್ದ ಕೆ.ಆರ್. ನಗರದ ಹೆಂಗಸಿಗೆ ನಾನೇ ಹೇಳಿದೆ. ಹಣೆ ತುಂಬ ಕುಂಕುಮ, ಮೊಮ್ಮಗನ ಹರಕೆ ತೀರಿಸಲು ಬಂದಿದ್ದರು. ‘ನಮ್ಮತ್ತೆನೂ ಇದೇ ಕಥೆ ಹೇಳೋರು ಕಣಮ್ಮ, ನಿಮಗಿಂತ ಚೆನ್ನಾಗಿ’ ಅಂದರು. ಅದೂ ನಿಜವೇ. ಕಥೆ ಹೇಳುವುದರಲ್ಲಿ ನಿಮ್ಮಪ್ಪನ ಮುಂದೆ ನಾನೇನೂ ಅಲ್ಲ.

ಜಪಸರ ನಿನಗೇ ಸೇರಬೇಕಾದ್ದು. ಆದರೆ ಈಗಲೇ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಸಂಜೆ ನಾನೊಬ್ಬಳೇ ಹೇಳುವಾಗ ಏಳನೇ ಮಣಿಗೆ ಬಂದರೆ ನನಗೂ ನಿಧಾನವಾಗುತ್ತೆ. ಅದರ ತಂತಿಯ ಎರಡು ಕೊಂಡಿ ಸಡಿಲವಾಗಿವೆ, ಯಾವಾಗ ಬಿಟ್ಟುಕೊಳ್ಳುತ್ತೋ ಅಂತ ಭಯ. ಸಣ್ಣ ಇಕ್ಕಳ ಅವರ ಟೂಲ್ ಡಬ್ಬಿಯಲ್ಲೇ ಇರಬೇಕು. ಬೀಗದ ಕೈ ನನ್ನ ಹತ್ತಿರ ಇದೆ, ಆದರೆ ತೆಗೆಯಲು ಕೈ ಬರುತ್ತಿಲ್ಲ. ಪೂಜೆಗೆ ಒಂದು ದಿನ ಮುಂಚೆಯೇ ಬಾ. ಡಬ್ಬಿ ನೀನು ತೆಗಿ, ಕೊಂಡಿ ನಾನು ಬಿಗಿಮಾಡುತ್ತೇನೆ.

ನಿನ್ನ
ಅಮ್ಮ